ಏಳುನೂರು ವರ್ಷದ ಸೂತಕ

ಅಪ್ಪಾ,

ಪತ್ರ ಬರೆಯುವಾಗ ಮೊದಲು ಹಿರಿಯರ ಆರೋಗ್ಯ ವಿಚಾರಿಸಬೇಕು, ಆಮೇಲೆ ಮಳೆ ಬೆಳೆ, ಆಮೇಲೆ ವಿಷಯ ಎಂದು ನೀವೇ ನನಗೆ ಕಲಿಸಿದ್ದು. ಇವತ್ತು ಆ ಕ್ರಮ ಬಿಟ್ಟಿದ್ದೇನೆ. ನೇರ ವಿಷಯಕ್ಕೇ ಬರುತ್ತೇನೆ.

ನಿಮ್ಮ ಪತ್ರ ಮೊನ್ನೆ ಉಪ್ಪಿನ ವ್ಯಾಪಾರಿ ಪಾಂಗ್ ಕೈಯಲ್ಲಿ ತಲುಪಿತು. ಎರಡು ಬೆರಳಗಲದ ಒಂದೇ ಒಂದು ಮರದ ಪಟ್ಟಿ. "ಹೊಸ ಅಧಿಕಾರಿಗಳು ಅಪ್ಪಣೆ ಹೊರಡಿಸಿದ್ದಾರೆ. ಚಳಿಗಾಲದ ತಿಂಗಳಲ್ಲಿ ಒಲೆ ಹೊತ್ತಿಸುವುದು ಇನ್ನು ತಪ್ಪಲ್ಲ. ಹೆರಿಗೆಗೆ ಮನೆಗೆ ಬಾ." ಅಷ್ಟೇ. ಪಟ್ಟಿ ತಿರುಗಿಸಿ ನೋಡಿದೆ, ಹಿಂದೆ ಏನಾದರೂ ಬರೆದಿರಬಹುದು ಎಂದು. ಏನೂ ಇರಲಿಲ್ಲ. ಅಕ್ಷರಗಳು ಮಾತ್ರ ಎಂದಿನಂತೆ ಚೆನ್ನಾಗಿದ್ದವು. ಒಂದು ಗೀರೂ ನಡುಗಿರಲಿಲ್ಲ.

ಅತ್ತೆ ನವಣೆಯಲ್ಲಿ ಕಲ್ಲು ಆರಿಸುತ್ತ ಕೂತಿದ್ದರು. ಏನು ಬರೆದಿದ್ದಾರೆ ಎಂದು ಕೇಳಿದರು. ಓದಿ ಹೇಳಿದೆ. ಅವರು ತಲೆ ಎತ್ತಲಿಲ್ಲ. "ಅಪ್ಪಣೆ ಬಂತಾ? ಒಳ್ಳೇದಾಯ್ತು ಬಿಡು. ನಮ್ಮ ಕೂಸಿಗೇ ತಾಳ್ಮೆ ಇರ್ಲಿಲ್ಲ, ಅಪ್ಪಣೆ ಬರೋಗಂಟ ಕಾಯ್ಬೇಕಿತ್ತು" ಎಂದರು. ಆಮೇಲೆ ಮೊರವನ್ನು ಕೆಳಗಿಟ್ಟು ಎದ್ದು ಹೊರಗೆ ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ.

ನಿಮಗೆ ಗಂಡುಮಕ್ಕಳಿರಲಿಲ್ಲ. ನನ್ನನ್ನು ಹೆತ್ತವಳು ಹೆತ್ತ ವಾರಕ್ಕೇ ಹೋದಳು. ಊರಿನವರು ಇನ್ನೊಂದು ಮದುವೆಯಾಗಿ ಎಂದಾಗ ನೀವು ಆಗಲಿಲ್ಲ. ಮಗಳನ್ನೇ ಎದುರಿಗೆ ಕೂರಿಸಿಕೊಂಡು ಅಕ್ಷರ ತಿದ್ದಿಸಿದಿರಿ. ಹೆಣ್ಣಿಗೆ ಯಾಕೆ ಓದು ಎಂದು ಚಿಕ್ಕಪ್ಪ ಗೊಣಗಿದಾಗ, "ಇವಳ ಕೈಲಿ ಬರೆಯೋ ಕೋಲು ಇದ್ರೆ ಯಾರೂ ಇವಳನ್ನ ತುಳಿಯೋಕಾಗಲ್ಲ" ಎಂದಿದ್ದಿರಿ. ನೆನಪಿದೆಯೇ? ಆ ಬರೆಯುವ ಕೋಲನ್ನೇ ಈಗ ಹಿಡಿದಿದ್ದೇನೆ. ನಿಮಗೆ ಬೇಸರವಾದರೆ ಆಗಲಿ.

ನೀವು ನನಗೆ ಹೇಳಿದ ಮೊದಲ ಕತೆ ಜಿಯೆ ಜಿತುಯಿಯದು. ತೈಯುವಾನ್ ಸೀಮೆಯ ಎಲ್ಲ ಮಕ್ಕಳಿಗೂ ಅದೇ ಮೊದಲ ಕತೆ. ಜಿನ್ ನಾಡಿನ ರಾಜಕುಮಾರ ಮನೆಯವರ ಪಿತೂರಿಗೆ ಹೆದರಿ ಹತ್ತೊಂಬತ್ತು ವರ್ಷ ಪರದೇಶ ಅಲೆದ. ಜೊತೆಯಲ್ಲಿ ಬೆರಳೆಣಿಕೆಯಷ್ಟು ಜನ. ಒಮ್ಮೆ ತಿನ್ನಲು ಏನೂ ಸಿಗದೆ ಅವನು ನೆಲಕ್ಕೆ ಬಿದ್ದುಕೊಂಡಾಗ ಜಿತುಯಿ ಮರೆಗೆ ಹೋಗಿ ತನ್ನ ತೊಡೆಯ ಮಾಂಸ ಕೊಯ್ದು, ಬೇಯಿಸಿ, ಸಾರು ಕುಡಿಸಿದ. ರಾಜಕುಮಾರ ದೊರೆಯಾದ. ಜೊತೆಗಿದ್ದವರಿಗೆಲ್ಲ ಪದವಿ ಹಂಚಿದ. ಜಿತುಯಿಯನ್ನು ಮರೆತ. ಜಿತುಯಿ ಕೇಳಲಿಲ್ಲ. ಕೇಳುವವರನ್ನು ಕಂಡು ಅವನಿಗೆ ಅಸಹ್ಯವಾಯಿತು. ತಾಯಿಯನ್ನು ಕರೆದುಕೊಂಡು ಮಿಯೆನ್ ಬೆಟ್ಟದ ಕಾಡಿಗೆ ಹೋಗಿಬಿಟ್ಟ. ದೊರೆಗೆ ತಡವಾಗಿ ನೆನಪಾಯಿತು, ನಾಚಿಕೆಯಾಯಿತು, ಹುಡುಕಿಕೊಂಡು ಬಂದ. ಸಿಗಲಿಲ್ಲ. ಮೂರು ಕಡೆಯಿಂದ ಕಾಡಿಗೆ ಬೆಂಕಿ ಇಡಿ, ತಾಯಿಯನ್ನು ಉಳಿಸಿಕೊಳ್ಳಲಾದರೂ ನಾಲ್ಕನೆಯ ಕಡೆಯಿಂದ ಹೊರಗೆ ಬರುತ್ತಾನೆ ಎಂದು ಯಾರೋ ಹೇಳಿದರು. ಇಟ್ಟರು. ಮೂರು ದಿನ ಉರಿಯಿತು. ಯಾರೂ ಬರಲಿಲ್ಲ. ತಣ್ಣಗಾದ ಮೇಲೆ ಹೋಗಿ ನೋಡಿದರೆ ಸುಟ್ಟ ಮರವೊಂದನ್ನು ತಬ್ಬಿಕೊಂಡು ಇಬ್ಬರೂ ಕರಕಲಾಗಿದ್ದರು. ದೊರೆ ಅತ್ತ. ಜಿತುಯಿ ಸತ್ತ ದಿನಗಳಲ್ಲಿ ನನ್ನ ನಾಡಿನಲ್ಲಿ ಯಾರೂ ಬೆಂಕಿ ಹೊತ್ತಿಸಕೂಡದು ಎಂದು ಸಾರಿಸಿದ.

"ಮಾಡಿದ ಉಪಕಾರಕ್ಕೆ ಪ್ರತಿಫಲ ಕೇಳ್ಲಿಲ್ಲ ಕಣಮ್ಮ. ಅದು ಮನುಷ್ಯತ್ವ" ಎನ್ನುತ್ತಿದ್ದಿರಿ. ನನಗೆ ಆಗ ಆರು ವರ್ಷ. ನಾನು ಕೇಳಿದೆ, ಆ ಅಜ್ಜಿಗೂ ಬೆಂಕಿ ತಾಗಿತಾ ಎಂದು. ತಾಗಿತು ಎಂದಿರಿ. ಅವಳಿಗೆ ಹೊರಗೆ ಬರಬೇಕು ಅನ್ನಿಸಲಿಲ್ಲವಾ ಎಂದೆ. "ಅವಳು ಒಳ್ಳೇ ತಾಯಿ, ಮಗನ ಜೊತೆ ನಿಂತ್ಳು" ಎಂದಿರಿ. ಅವಳ ಹೆಸರೇನು ಎಂದೆ. ಅದನ್ನು ಎಲ್ಲೂ ಬರೆದಿಲ್ಲ ಎಂದು ಹೇಳಿ ನನ್ನನ್ನು ಮಲಗಿಸಿದಿರಿ.

ನಾನು ಆ ಹಬ್ಬವನ್ನು ಪ್ರೀತಿಸುತ್ತಿದ್ದೆ ಎಂಬುದನ್ನೂ ಬರೆಯಬೇಕು. ಸುಳ್ಳು ಹೇಳಲಾರೆ. ಒಲೆ ಹೊತ್ತಿಸದ ಆ ತಣ್ಣನೆಯ ತಿಂಗಳು ಶುರುವಾಗುವ ಮುನ್ನ ಮೂರು ದಿನ ಇಡೀ ಊರಿನಲ್ಲಿ ಹೊಗೆ ಆಡುತ್ತಿತ್ತು. ತಿಂಗಳಿಗಾಗುವಷ್ಟು ರೊಟ್ಟಿ ಸುಡುವುದು, ಬಾರ್ಲಿ ಗಂಜಿಗೆ ಬಾದಾಮಿಯ ಹಾಗಿರುವ ಆ ಜರ್ದಾಳು ಬೀಜ ಅರೆದು ಹಾಕಿ ಗಟ್ಟಿಯಾಗುವವರೆಗೆ ತಿರುವುವುದು, ಮೊಳಕೆ ಕಾಳಿನ ಪಾಕ ಕಾಯಿಸುವುದು. ಪಾಕದ ಪಾತ್ರೆಯ ಅಂಚಿಗೆ ಅಂಟಿದ್ದನ್ನು ಚಿಕ್ಕಮ್ಮ ನನಗೇ ಬಿಡುತ್ತಿದ್ದಳು. ಆಮೇಲೆ ನೀವು ಊರ ಹಿರಿಯರಾಗಿ ಜಿತುಯಿಯ ಗುಡಿಯ ಮುಂದೆ ಡೋಲು ಬಡಿಯುತ್ತಿದ್ದಿರಿ. ಎಲ್ಲ ಒಲೆಗಳೂ ಒಟ್ಟಿಗೆ ಆರುತ್ತಿದ್ದವು. ಊರಿನ ಮೇಲಿನ ಆಕಾಶ ತೊಳೆದಂತೆ ಆಗುತ್ತಿತ್ತು. ಮಕ್ಕಳಿಗೆ ಅದು ಆಟ. ಹೆಪ್ಪುಗಟ್ಟಿದ ಗಂಜಿಯನ್ನು ಚಾಕುವಿನಿಂದ ಕತ್ತರಿಸಿ ಪಾಕದಲ್ಲಿ ಅದ್ದಿ ತಿನ್ನುವುದು ಆಟ. ತಿಂಗಳ ಕೊನೆಯಲ್ಲಿ ನೀವು ಗುಡಿಯಲ್ಲಿ ಕೋಲು ಕಡೆದು ಹೊಸ ಬೆಂಕಿ ಎಬ್ಬಿಸಿ ಮನೆಮನೆಗೆ ಪಂಜು ಹಿಡಿದು ಬರುವಾಗ ನಾನು ನಿಮ್ಮ ನಿಲುವಂಗಿಯ ತುದಿ ಹಿಡಿದು ಹಿಂದೆ ಬರುತ್ತಿದ್ದೆ. ನನ್ನ ಅಪ್ಪ ಊರಿಗೆಲ್ಲ ಬೆಂಕಿ ಕೊಡುವವನು ಎಂದು ಎಷ್ಟು ಜಂಬವಿತ್ತು ನನಗೆ.

ಆ ತಿಂಗಳಲ್ಲಿ ಮುದುಕರು ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದದ್ದು, ಪ್ರತಿ ವರ್ಷ ಮೂವರೋ ನಾಲ್ವರೋ ಏಳದೇ ಹೋಗುತ್ತಿದ್ದದ್ದು, ಅದನ್ನು ನಾನು ಚಳಿಯ ಲೆಕ್ಕಕ್ಕೆ ಹಾಕಿದ್ದೆ. ಎಲ್ಲರೂ ಹಾಗೇ ಹಾಕಿದ್ದರು. ಬೆಂಕಿ ಹಚ್ಚಿದರೆ ಜಿತುಯಿಯ ಆತ್ಮ ಮುನಿದು ಆಲಿಕಲ್ಲು ಸುರಿಸುತ್ತದೆ, ಪೈರು ನೆಲಕಚ್ಚುತ್ತದೆ ಎಂದು ನಂಬಿದ್ದೆವು. ಯಾರ ಅಜ್ಜನ ಕಾಲದಲ್ಲೋ ಒಬ್ಬ ಮದ್ಯ ಕಾಯಿಸಲು ಕದ್ದು ಒಲೆ ಹಚ್ಚಿದನಂತೆ, ಆ ವರ್ಷ ಮೊಟ್ಟೆ ಗಾತ್ರದ ಕಲ್ಲು ಬಿದ್ದವಂತೆ. ಆ ಕತೆಯನ್ನೂ ನೀವೇ ಹೇಳುತ್ತಿದ್ದಿರಿ.

ನನ್ನನ್ನು ನಮ್ಮೂರಿನ ಕುಂಬಾರನಿಗೆ ಕೊಟ್ಟಾಗ ಊರು ನಕ್ಕಿತು. ಅಕ್ಷರ ಬಲ್ಲವಳನ್ನು ಮಣ್ಣು ತುಳಿಯುವವನಿಗೆ ಕೊಟ್ಟರು ಎಂದರು. ಗುವೊ ದಾನ್ ಒಳ್ಳೆಯವನು ಎಂದು ನೀವು ಅಂದಿರಿ. ಅದರಲ್ಲಿ ನೀವು ತಪ್ಪಲಿಲ್ಲ. ನಿಮ್ಮ ಅಳಿಯ ಇವತ್ತಿಗೂ ನನ್ನ ಮೇಲೆ ದನಿ ಎತ್ತಿದವರಲ್ಲ. ಅತ್ತೆಯ ಬಾಯಿ ಜೋರು, ಆದರೆ ಆ ಬಾಯಿಯಿಂದಲೇ ನಾನು ಬದುಕಿದ್ದೇನೆ.

ಕಳೆದ ವರ್ಷ ಆ ತಿಂಗಳ ಐದನೆಯ ದಿನ ಬೆಳಿಗ್ಗೆ ನನ್ನ ಮಗಳು ಹುಟ್ಟಿದಳು. ಇನ್ನೂ ಇಪ್ಪತ್ತು ದಿನ ಇದೆ ಎಂದುಕೊಂಡಿದ್ದೆವು. ಅಂಗೈಯಷ್ಟು ಕೂಸು. ಹಣೆಯ ಮೇಲೆ ಬಲಕ್ಕೆ ಸುಳಿ, ನಿಮಗಿರುವಂಥದ್ದೇ. ಅಳುವ ಶಕ್ತಿಯಿರಲಿಲ್ಲ, ಆದರೆ ಹಾಲು ಚೀಪುವ ಹಟವಿತ್ತು. ಹೊರಗೆ ನದಿ ಕಲ್ಲಾಗಿತ್ತು. ಒಳಗೆ ನೀರಿನ ಹಂಡೆಯ ಮೇಲೆ ಬೆರಳು ದಪ್ಪದ ಮಂಜುಗಡ್ಡೆ. ಅತ್ತೆ ಅದನ್ನು ಒಡೆದು, ನೀರನ್ನು ತಮ್ಮ ಬಾಯಲ್ಲಿ ತುಂಬಿಕೊಂಡು ಬೆಚ್ಚಗೆ ಮಾಡಿ, ಗುಟುಕು ಗುಟುಕಾಗಿ ಉಗುಳಿ ಮಗುವನ್ನು ಒರೆಸಿದರು.

ನಿಮ್ಮ ಅಳಿಯ ತಿಂಗಳು ಶುರುವಾಗುವ ಹಿಂದಿನ ದಿನ ಆವಿಗೆ ಸುಟ್ಟಿದ್ದರು. ದೊಡ್ಡ ಆವಿಗೆ, ಮಡಕೆ ತೆಗೆದ ಮೇಲೂ ಗೋಡೆ ವಾರದವರೆಗೆ ಬಿಸಿ ಬಿಡುವುದಿಲ್ಲ. ಅವರೇ ಯೋಚಿಸಿ ಒಳಗೆ ಹುಲ್ಲು ಹಾಸಿ, ಬಾಣಂತಿಯನ್ನೂ ಮಗುವನ್ನೂ ಎತ್ತಿ ತಂದು ಅದರೊಳಗೆ ಕೂರಿಸಿದರು. ಆವಿಗೆಯ ಬಾಯಿಗೆ ಕುರಿಯ ಉಣ್ಣೆಯ ಕಂಬಳಿ ಕಟ್ಟಿದರು. ಎರಡು ದಿನ ನಾವಿಬ್ಬರೂ ಆ ಬೂದಿಯ ವಾಸನೆಯ ಗುಂಡಗಿನ ಗೂಡಿನೊಳಗೆ ಇದ್ದೆವು. ನನ್ನ ಬದುಕಿನಲ್ಲಿ ಅಷ್ಟು ಸುಖದ ದಿನಗಳು ಬೇರೆ ಇಲ್ಲ. ಅವಳ ಮೈಗೆ ಬಣ್ಣ ಬಂತು. ಅತ್ತೆ ಹೊರಗಿನಿಂದ ಬಗ್ಗಿ ನೋಡಿ, "ನಮ್ಮನೇಲಿ ಇಷ್ಟು ಚೆಂದದ ಮಡಕೆ ಯಾವತ್ತೂ ಬೆಂದಿರ್ಲಿಲ್ಲ" ಎನ್ನುತ್ತಿದ್ದರು.

ಮೂರನೆಯ ದಿನ ಗೋಡೆ ತಣ್ಣಗಾಯಿತು, ನಮ್ಮನ್ನು ಮತ್ತೆ ಮನೆಯೊಳಗೆ ತಂದರು. ನಾಲ್ಕನೆಯ ದಿನ ಮಗುವಿನ ತುಟಿ ನೀಲಿಯಾಯಿತು. ಚೀಪುವುದನ್ನು ಬಿಟ್ಟಳು. ನನ್ನ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಕಟ್ಟಿಕೊಂಡರೂ ನನ್ನ ಮೈಯಲ್ಲೇ ಬಿಸಿ ಇರಲಿಲ್ಲ. ಎಂಟು ದಿನದಿಂದ ಹೆಪ್ಪುಗಟ್ಟಿದ ಗಂಜಿ ತಿಂದ ಮೈ. ನಿಮ್ಮ ಅಳಿಯ ಬಾಗಿಲ ಬಳಿ ನಿಂತು ಅತ್ತೆಯನ್ನು ನೋಡಿದರು. ನಲವತ್ತು ವರ್ಷ ಒಂದು ದಿನವೂ ತಪ್ಪದೆ ತಣ್ಣನೆಯ ತಿಂಗಳು ಆಚರಿಸಿದವರು ಅತ್ತೆ. ಜಿತುಯಿಯ ಗುಡಿಗೆ ಚಪ್ಪಲಿ ಹಾಕಿಕೊಂಡು ಹೋದವರಲ್ಲ. ಅವರು ಒಳಗೆ ಹೋಗಿ ಬೆಂಕಿ ಕಡೆಯುವ ಕೋಲು ತಂದರು.

"ಎರಡು ಕೂಸು ಇದೇ ತಿಂಗಳಲ್ಲಿ ಕೊಟ್ಟಿದೀನಿ" ಎಂದರು. "ಇದನ್ನ ಕೊಡಲ್ಲ."

ನನಗೆ ಆ ಎರಡು ಮಕ್ಕಳ ವಿಷಯ ಗೊತ್ತಿರಲಿಲ್ಲ. ನಿಮ್ಮ ಅಳಿಯನಿಗೂ ಗೊತ್ತಿರಲಿಲ್ಲ.

ಎಲ್ಲ ಒಲೆಗಳೂ ಆರಿದ ಊರಿನಲ್ಲಿ ಒಂದು ಎಳೆ ಹೊಗೆಯೆದ್ದರೆ ಬೆಟ್ಟದ ಆಚೆಗೂ ಕಾಣುತ್ತದೆ. ನೀರು ಇನ್ನೂ ಕುದಿಯುವ ಮೊದಲೇ ಅಂಗಳದಲ್ಲಿ ಜನ. ಮುಂದೆ ನೀವು. ಹಗಲು ಹೊತ್ತು, ಬಿಸಿಲಿತ್ತು. ನಿಮ್ಮ ಗಡ್ಡದ ಮೇಲೆ ಉಸಿರು ಮಂಜಾಗಿ ಕೂತಿದ್ದು ಕೂಡ ನನಗೆ ಕಾಣುತ್ತಿತ್ತು. ನಿಮ್ಮನ್ನು ಕಂಡು ನನಗೆ ಧೈರ್ಯ ಬಂತು, ಅಪ್ಪಾ. ಇದನ್ನು ನೀವು ತಿಳಿದುಕೊಳ್ಳಬೇಕು. ಅಪ್ಪ ಬಂದರು, ಇನ್ನು ಹೆದರಿಕೆಯಿಲ್ಲ ಎಂದುಕೊಂಡೆ.

ನೀವು ನನ್ನ ಮುಖ ನೋಡಲಿಲ್ಲ. ಒಲೆಯನ್ನು ನೋಡಿದಿರಿ. "ಸುಯೆ, ನಿಯಮ ಅಂದ್ರೆ ಎಲ್ರಿಗೂ ಒಂದೇ ಕಣಮ್ಮ. ನಿನ್ನ ಮನೇದು ಉರೀಲಿ ಅಂತ ಬಿಟ್ರೆ ನಾಳೆ ನಾನು ಯಾರ ಮನೇದು ಆರಿಸ್ಲಿ?"

ಅತ್ತೆ ಒಲೆಯ ಮುಂದೆ ಕೈ ಅಗಲಿಸಿ ನಿಂತಿದ್ದರು. "ಹಂಗಾದ್ರೆ ಯಾರ ಮನೇದೂ ಆರಿಸ್ಬೇಡಿ ಬೀಗ್ರೇ."

ನೀವು ಅವರನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದಿರಿ. ನೀವು ಯಾವತ್ತೂ ಒರಟರಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಬೆಂಕಿಯ ಮೇಲೆ ಬಗ್ಗಿಸಿದಿರಿ. ಬೇರೆ ನೀರು ತರಿಸಬಹುದಿತ್ತು. ನಿಮ್ಮ ಜೊತೆ ಬಂದವರ ಕೈಯಲ್ಲಿ ಬಿಂದಿಗೆ ಇತ್ತು. ಆದರೆ ನೀವು ಸುರಿದದ್ದು ಮಗುವಿಗೆಂದು ಕಾಯಿಸುತ್ತಿದ್ದ ನೀರು. ಆ ಪಾತ್ರೆಯ ಬಿಸಿ ನಿಮ್ಮ ಅಂಗೈಗೆ ತಾಗಿತ್ತು. ತಾಗಿದ ಮೇಲೂ ಸುರಿದಿರಿ. ಒಂದು ವರ್ಷದಿಂದ ನಾನು ಬೇರೆ ಎಲ್ಲವನ್ನೂ ಹೇಗಾದರೂ ನುಂಗಿಕೊಳ್ಳಲು ನೋಡಿದ್ದೇನೆ. ಇದು ಮಾತ್ರ ಗಂಟಲಿನಿಂದ ಕೆಳಗೆ ಇಳಿದಿಲ್ಲ.

ಮರುದಿನ ನಸುಕಿನಲ್ಲಿ ಅವಳು ಹೋದಳು. ಐದು ದಿನದ ಬದುಕು. ನೀವು ಮಧ್ಯಾಹ್ನ ಬಂದಿರಿ, ಹಣೆಯ ಸುಳಿಯನ್ನು ನೋಡಿದಿರಿ, ಒಂದು ಕ್ಷಣ ನಿಮ್ಮ ಕೈ ಮುಂದೆ ಬಂತು, ಹಿಂದೆ ಹೋಯಿತು. ನಾನು ಗೋಡೆಗೆ ತಲೆ ಬಡಿದುಕೊಂಡು ಅಳುತ್ತಿದ್ದೆ. ನೀವು ನನ್ನ ಪಕ್ಕ ಕೂತು ಮೆಲ್ಲನೆ ಹೇಳಿದಿರಿ, "ಮೂರು ತಿಂಗಳು ತುಂಬದ ಮಗೂಗೆ ಹೆಸರಿಡಲ್ಲ, ಅಳೋ ಪದ್ಧತೀನೂ ಇಲ್ಲ. ಶಾಸ್ತ್ರದಲ್ಲಿ ಹಂಗೇ ಇದೆ. ಸಮಾಧಾನ ಮಾಡ್ಕೊ ತಾಯಿ."

ಶಾಸ್ತ್ರದಲ್ಲಿ ಹಾಗೆ ಇದೆ, ಗೊತ್ತು. ನೀವೇ ಓದಿಸಿದ್ದೀರಿ. ಆದರೆ ಏಳುನೂರು ವರ್ಷದ ಹಿಂದೆ ಸತ್ತ, ನಮ್ಮ ಕುಲದವನೂ ಅಲ್ಲದ, ನಮ್ಮಲ್ಲಿ ಯಾರೂ ಮುಖ ನೋಡದ ಒಬ್ಬ ಗಂಡಸಿಗೆ ಇಡೀ ಸೀಮೆ ಪ್ರತಿ ವರ್ಷ ಒಂದು ತಿಂಗಳು ಸೂತಕ ಹಿಡಿಯುತ್ತದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ, ನಿಮ್ಮ ಹಣೆಯ ಸುಳಿ ಇದ್ದವಳಿಗೆ, ಒಂದು ಹಗಲು ಅಳಲು ಪದ್ಧತಿಯಿಲ್ಲ. ಅಂದೇ ಇದನ್ನು ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ.

ಅವಳನ್ನು ಹುಲ್ಲಿನಲ್ಲಿ ಸುತ್ತಿ ನಿಮ್ಮ ಅಳಿಯ ಒಬ್ಬರೇ ಎತ್ತಿಕೊಂಡು ಹೋದರು. ನೆಲ ಕಲ್ಲಿನಂತೆ ಗಟ್ಟಿಯಾಗಿತ್ತು, ಅಗೆಯಲು ಒಂದು ದಿನ ಹಿಡಿಯಿತು. ಬೆಂಕಿ ಹಾಕಿ ನೆಲ ಸಡಿಲಿಸಬಹುದಿತ್ತು. ಅದಕ್ಕೂ ಅಪ್ಪಣೆ ಇರಲಿಲ್ಲ.

ಆಮೇಲೆ ಶುರುವಾಯಿತು ನಿಮ್ಮ ಹೊಗಳಿಕೆ. ಹಾವೊ ಹಿರಿಯರು ಸ್ವಂತ ಮಗಳೆಂದೂ ನೋಡಲಿಲ್ಲ ಎಂದು ಬಾವಿಕಟ್ಟೆಯಲ್ಲಿ ಹೆಂಗಸರೇ ಮಾತಾಡಿಕೊಂಡರು. ಪಕ್ಕದ ಊರಿನ ಹಿರಿಯರು ನಿಮ್ಮನ್ನು ನೋಡಲು ಬಂದು ತಲೆಬಾಗಿ ಹೋದರು. ನಾನು ನೀರಿಗೆ ಹೋದರೆ ದಾರಿ ಬಿಡುತ್ತಿದ್ದರು, ನೀತಿವಂತನ ಮಗಳು ಎಂದು. ನನ್ನ ಮಗುವಿನ ಸಾವು ನಿಮ್ಮ ಕೀರ್ತಿಗೆ ಗೊಬ್ಬರವಾಯಿತು. ನೀವು ಬೇಡ ಎನ್ನಲಿಲ್ಲ. ಸುಮ್ಮನೆ ಕಣ್ಣು ಕೆಳಗೆ ಮಾಡಿ ಕೂತಿದ್ದಿರಂತೆ. ಹಾಗೆ ಕೂತರೆ ಜನ ಇನ್ನಷ್ಟು ಹೊಗಳುತ್ತಾರೆ ಎಂಬುದು ನಿಮಗೆ ತಿಳಿಯದೇ?

ತಿಂಗಳು ಮುಗಿದ ದಿನ ಪಂಜು ಹಿಡಿದು ನಮ್ಮ ಬಾಗಿಲಿಗೂ ಬಂದಿರಿ. ನಾನೇ ಎದುರಿಗೆ ಬಂದೆ. ಹೊಸ ಬೆಂಕಿ ತಗೋ ಎಂದಿರಿ. ನಾನು ಬೇಡ ಎಂದು ಬಾಗಿಲು ಹಾಕಿಕೊಂಡೆ. ಅದೇ ದಿನ ನಿಮ್ಮ ಅಳಿಯ ಮಡಕೆ ತಿರುಗಿಸುವ ತಿಗರಿಯನ್ನು ಗಾಡಿಗೆ ಹೇರಿದರು. "ಈ ಮಣ್ಣಲ್ಲಿ ಇನ್ನು ನನ್ನ ಕೈ ಕೂರಲ್ಲ" ಎಂದಷ್ಟೇ ಹೇಳಿದರು. ಮೂರು ತಲೆಮಾರು ಅದೇ ಮಣ್ಣು ತುಳಿದ ಮನೆ. ಅತ್ತೆ ಗಾಡಿ ಹತ್ತಿದರು. ಹೆಪ್ಪುಗಟ್ಟಿದ ಫೆನ್ ನದಿಯ ಮೇಲೆಯೇ ದಾಟಿ ಈಚೆ ದಡಕ್ಕೆ ಬಂದೆವು. ಇಲ್ಲಿಯ ಮಣ್ಣು ಮರಳು ಮರಳು, ಮೊದಲ ಆವಿಗೆಯಲ್ಲಿ ಅರ್ಧಕ್ಕರ್ಧ ಮಡಕೆಗಳು ಬಿರುಕು ಬಿಟ್ಟವು. ಈಗ ಸುಧಾರಿಸಿದೆ.

ಬೇಸಿಗೆಯಲ್ಲಿ ಹೊಸ ಅಧಿಕಾರಿಗಳು ಬಂದು ಜಿತುಯಿಯ ಗುಡಿಯಲ್ಲಿ ಒಂದು ಬರಹ ಇಟ್ಟರೆಂದು ಇಲ್ಲೂ ಸುದ್ದಿ ಬಂತು. ಚಳಿಯಲ್ಲಿ ಬೆಂಕಿ ಬಿಡುವುದು ಜನರ ಪ್ರಾಣಕ್ಕೆ ಎರವು, ಸತ್ಪುರುಷನಾದ ನೀನು ಇದನ್ನು ಬಯಸಿರಲಾರೆ ಎಂದು ಆ ಆತ್ಮಕ್ಕೆ ತಿಳಿಸಿ ಬರೆದಿದ್ದಾರಂತೆ. ಒಳ್ಳೆಯವರೇ ಇರಬೇಕು. ಅಪ್ಪಾ, ಅವರು ಹೇಳಿದ್ದರಲ್ಲಿ ನಿಮಗೆ ಗೊತ್ತಿಲ್ಲದ್ದು ಏನಿತ್ತು? ಅತ್ತೆ ಅಂದು ಒಲೆಯ ಮುಂದೆ ನಿಂತು ಹೇಳಿದ್ದಕ್ಕಿಂತ ಹೆಚ್ಚಿಗೆ ಅದರಲ್ಲಿ ಏನಿದೆ? ಅಕ್ಷರ ಬಾರದ ಕುಂಬಾರಗಿತ್ತಿ ಹೇಳಿದರೆ ಅದು ತಪ್ಪು, ಮುದ್ರೆ ಒತ್ತಿದ ಹಲಗೆ ಹೇಳಿದರೆ "ಇನ್ನು ತಪ್ಪಲ್ಲ".

ಕತೆಯನ್ನು ನಾನು ಈ ವರ್ಷ ಮತ್ತೆ ಮತ್ತೆ ಯೋಚಿಸಿದ್ದೇನೆ. ಕಾಡಿಗೆ ಬೆಂಕಿ ಇಡಿಸಿದವನು ದೊರೆ. ಸುಮ್ಮನೆ ಬಿಟ್ಟಿದ್ದರೆ ಅವರಿಬ್ಬರೂ ಗೆಣಸೋ ಗಡ್ಡೆಯೋ ತಿಂದುಕೊಂಡು ಬೆಟ್ಟದಲ್ಲಿ ಇರುತ್ತಿದ್ದರು. ಕೊಂದವನು ಅವನು, ಅತ್ತವನು ಅವನು, ಶಿಕ್ಷೆ ಮಾತ್ರ ನಮ್ಮ ಒಲೆಗಳಿಗೆ. ತಾನು ಒಬ್ಬನೇ ಹೊರಬೇಕಾಗಿದ್ದ ನಾಚಿಕೆಯನ್ನು ಅವನು ನಾಡಿನ ಮುದುಕರ ಮೇಲೆ, ಎಳೆ ಮಕ್ಕಳ ಮೇಲೆ ಹೊರಿಸಿ ಹೋದ. ನಾವು ಅದನ್ನು ಭಕ್ತಿ ಎಂದು ಕರೆದೆವು. ಇನ್ನು ಜಿತುಯಿ. ಅವನ ಮೇಲೂ ನನಗೆ ಸಿಟ್ಟಿದೆ. ಅವನು ಪದವಿ ಬೇಡವೆನ್ನಲಿ, ಅದು ಅವನ ಸ್ವತ್ತು. ಬೆಂಕಿ ಸುತ್ತಿಕೊಂಡಾಗ ತಾಯಿಯನ್ನು ಬೆನ್ನ ಮೇಲೆ ಹಾಕಿಕೊಂಡು ಇಳಿಯಬೇಕಿತ್ತು. ಒಂದು ದಿನ ದೊರೆಯ ಎದುರು ತಲೆ ತಗ್ಗಿಸಿದ್ದರೆ ಏನು ಹೋಗುತ್ತಿತ್ತು? ನೀವು ಆ ಕತೆಯನ್ನು ನೂರು ಸಲ ಹೇಳಿದ್ದೀರಿ. ಒಂದು ಸಲವೂ ಆ ಹೆಂಗಸಿನ ಕಡೆಯಿಂದ ಹೇಳಲಿಲ್ಲ.

ಇಷ್ಟು ಬರೆದು ಪಟ್ಟಿಗಳನ್ನು ದಾರದಲ್ಲಿ ಕಟ್ಟಿ ಇಟ್ಟಿದ್ದೆ. ಬರುವುದಿಲ್ಲ ಎಂದು ಒಂದು ಸಾಲು ಸೇರಿಸಿ ಮುಗಿಸುವವಳಿದ್ದೆ. ಇವತ್ತು ಬೆಳಿಗ್ಗೆ ಪತ್ರ ತೆಗೆದುಕೊಂಡು ಹೋಗಲು ಪಾಂಗ್ ಬಂದ. ಅತ್ತೆ ಅವನಿಗೆ ಗಂಜಿ ಕೊಟ್ಟರು. ಬಟ್ಟಲಿನ ಹಬೆ ನೋಡುತ್ತ ಅವನು ತಡೆದು ತಡೆದು ಹೇಳಿದ.

"ಹೇಳ್ಬಾರ್ದು ಅಂತಿದ್ದೆ ಕಣಮ್ಮ. ನಿಮ್ಮಪ್ಪ ಬಿಸಿ ಮುಟ್ಟಲ್ಲ. ನಿಮ್ಮ ಚಿಕ್ಕಮ್ಮ ತಂದಿಟ್ರೆ ಹಬೆ ಹೋಗೋಗಂಟ ಕಾದು, ಪೂರ್ತಿ ತಣ್ಣಗಾದ ಮೇಲೆ ತಿಂತಾರೆ. ಒಲೆ ಹತ್ರ ಕೂರಲ್ಲ. ಹೋದ ವರ್ಷದಿಂದ ಹಿಂಗೇಯಂತೆ. ಒಂದೇ ಸಮ ಕೆಮ್ಮು."

ಊರಿನವರು ಏನೂ ಹೇಳುವುದಿಲ್ಲವೇ ಎಂದು ಕೇಳಿದೆ. ಹೇಳುತ್ತಾರೆ, ಎಂಥ ಮಹಾತ್ಮರು ಎನ್ನುತ್ತಾರೆ ಎಂದ. ನಿಮ್ಮ ಬಳಿ ಓದಲು ಬರುವವರಲ್ಲಿ ಇಬ್ಬರು ಆಗಲೇ ನಿಮ್ಮಂತೆ ತಣ್ಣಗೆ ತಿನ್ನಲು ಶುರು ಮಾಡಿದ್ದಾರಂತೆ, ಗುರುಗಳ ಗೌರವಕ್ಕೆ.

ಪಾಂಗ್‌ನನ್ನು ಅಂಗಳದಲ್ಲಿ ಕಾಯಲು ಹೇಳಿ ಒಳಗೆ ಬಂದು ಮತ್ತೆ ಬರೆಯಲು ಕೂತಿದ್ದೇನೆ. ದುಃಖಕ್ಕೆ ಎಂದು ತಿಳಿಯಬೇಡಿ. ಇಷ್ಟು ಸಿಟ್ಟು ನನಗೆ ಆ ದಿನವೂ ಬಂದಿರಲಿಲ್ಲ.

ಯಾರಿಗೋಸ್ಕರ ಇದು? ಅವಳಿಗೋಸ್ಕರವೇ? ನೀವು ತಣ್ಣಗೆ ತಿಂದರೆ ಮಣ್ಣಿನಡಿಯ ಅವಳಿಗೆ ಬೆಚ್ಚಗಾಗುತ್ತದೆಯೇ? ತಪ್ಪಾಯಿತು ಎಂದು ನನಗೆ ಒಂದು ಸಾಲು ಬರೆಯಲು ಬಾರದ ನಿಮಗೆ, ಒಂದು ವರ್ಷ ಯಾರಿಗೂ ಹೇಳದೆ ಮೈಯನ್ನು ಸಾಯಿಸುವುದು ಸುಲಭವಾಯಿತು. ಊರು ಅದನ್ನೂ ಪುಣ್ಯವೆಂದುಕೊಂಡಿತು. ನೀವು ಹೀಗೇ ಕೆಮ್ಮಿ ಕೆಮ್ಮಿ ಸತ್ತರೆ ಮುಂದೇನಾಗುತ್ತದೆ ಎಂದು ನನಗೆ ಗೊತ್ತು. ನಿಮಗೂ ಒಂದು ಗುಡಿ ಕಟ್ಟುತ್ತಾರೆ. ಹಾವೊ ಹಿರಿಯರ ತಿಂಗಳು ಎಂದು ಇನ್ನೊಂದು ತಿಂಗಳು ಒಲೆ ಆರಿಸುತ್ತಾರೆ. ಮುಂದಿನ ಏಳುನೂರು ವರ್ಷ ಯಾರದೋ ಬಾಣಂತನದ ಮನೆಯಲ್ಲಿ ನಿಮ್ಮ ಹೆಸರಿನಲ್ಲಿ ನೀರು ಸುರಿಯುತ್ತಾರೆ. ಯಾಕೆ ಎಂದು ಯಾರಿಗೂ ನೆನಪಿರುವುದಿಲ್ಲ. ನನ್ನ ಮಗಳಂತೂ ಆ ಕತೆಯಲ್ಲಿ ಇರುವುದೇ ಇಲ್ಲ.

ಅದಕ್ಕೆ ನಾನು ಬಿಡುವುದಿಲ್ಲ.

ಈ ಪತ್ರ ಕೈಗೆ ಬಂದ ದಿನ ನೀವು ಗುಡಿಯ ಮುಂದೆ ಡೋಲು ಬಡಿಯಿರಿ. ಜನ ಸೇರಲಿ. ನನ್ನ ಮಗಳ ಮಗಳು ಹುಟ್ಟಿದ ಐದನೆಯ ದಿನ ಚಳಿಗೆ ಸತ್ತಳು, ಅವಳ ನೀರನ್ನು ನಾನೇ ಬೆಂಕಿಗೆ ಸುರಿದೆ, ಅದು ತಪ್ಪು ಎಂದು ನಿಮ್ಮ ಬಾಯಿಂದ ಹೇಳಿ. ಅಪ್ಪಣೆಯ ಮಾತು ತರಬೇಡಿ. ಆಮೇಲೆ ಅಲ್ಲಿಯೇ ಎಲ್ಲರ ಎದುರು ಒಲೆ ಹೂಡಿ, ಗಂಜಿ ಕಾಯಿಸಿ, ಬಿಸಿಯಿರುವಾಗಲೇ ಕುಡಿಯಿರಿ. ನಿಮ್ಮ ಇಬ್ಬರು ಶಿಷ್ಯರಿಗೂ ಕುಡಿಸಿ. ಆಮೇಲೆ ಮನೆಗೆ ಹೋಗಿ, ಶಾಸ್ತ್ರ ಮುಚ್ಚಿಟ್ಟು, ಅವಳಿಗಾಗಿ ಅಳಿ. ನೀವು ಅತ್ತಿಲ್ಲ ಎಂದು ನನಗೆ ಗೊತ್ತು. ನಿಮ್ಮ ಅಕ್ಷರ ನೋಡಿದರೆ ತಿಳಿಯುತ್ತದೆ.

ಹೆರಿಗೆಗೆ ನಾನು ಅಲ್ಲಿಗೆ ಬರುವುದಿಲ್ಲ. ಮುಂದಿನ ತಿಂಗಳ ನಡುವಿಗೆ ದಿನ ತುಂಬುತ್ತದೆ. ಅತ್ತೆ ಹಿತ್ತಿಲ ತುಂಬ ಕಟ್ಟಿಗೆ ಒಟ್ಟಿಸಿದ್ದಾರೆ, ಬೀದಿಯವರು ನಗುವಷ್ಟು. ಈ ಕಡೆಯೂ ಅರ್ಧ ಊರು ಇನ್ನೂ ಹೆದರಿಕೊಂಡು ಒಲೆ ಆರಿಸುವವರೇ. ಅಪ್ಪಣೆ ಬಂದರೂ ಹೆದರಿಕೆ ಹೋಗಿಲ್ಲ. ನಮ್ಮ ಮನೆಯ ಹೊಗೆ ಮಾತ್ರ ಆ ತಿಂಗಳೂ ಹಗಲೆಲ್ಲ ಕಾಣುತ್ತದೆ. ಯಾರಾದರೂ ಆರಿಸಲು ಬಂದರೆ ಈ ಸಲ ನಿಮ್ಮ ಅಳಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಅವರೇ ಹೇಳಿದ್ದಾರೆ. ಹುಟ್ಟುವ ಮಗುವಿಗೆ ಮೂರು ತಿಂಗಳು ಕಾಯುವುದಿಲ್ಲ, ಹುಟ್ಟಿದ ದಿನವೇ ಹೆಸರಿಡುತ್ತೇವೆ.

ನೀವು ಬರಬಹುದೇ ಎಂದು ಈ ಪತ್ರ ಓದಿ ಹೇಳಿದ ಮೇಲೆ ಅತ್ತೆಯನ್ನು ಕೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. "ಬರ್ಲಿ ಬೀಗ್ರು. ಎದುರಿಗೆ ಕೂತು ಬಿಸಿಬಿಸೀದೇ ಕುಡಿಸ್ತೀನಿ. ನಾಲಿಗೆ ಸುಟ್ಕೊಂಡ್ರೂ ಬಿಡಲ್ಲ" ಎಂದರು.

ನಾನು ಅಷ್ಟು ದೊಡ್ಡವಳಲ್ಲ. ನೀವು ಬಂದರೆ ನಾನು ಮಾತಾಡುತ್ತೇನೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಮುಖ ಕಂಡರೆ ಆ ಪಾತ್ರೆ ಕಾಣುತ್ತದೆ. ಆದರೂ, ಡೋಲು ಬಡಿದು ಹೇಳಬೇಕಾದ್ದನ್ನು ಹೇಳಿ ಮುಗಿಸಿದ್ದರೆ, ಬನ್ನಿ. ಈಗ ನದಿಯ ನಡುವೆ ಇನ್ನೂ ನೀರು ಹರಿಯುತ್ತಿದೆ, ಮಂಜುಗಡ್ಡೆ ತೆಳ್ಳಗಿದೆ. ಅವಸರಪಟ್ಟು ಕಾಲಿಡಬೇಡಿ. ಪೂರ್ತಿ ಗಟ್ಟಿಯಾಗುವವರೆಗೆ ಕಾದು, ಪಾಂಗ್ ಜೊತೆಯಲ್ಲೇ ದಾಟಿ. ಕಾಲಿಗೆ ಹುಲ್ಲು ಸುತ್ತಿಕೊಳ್ಳಿ. ಕೆಮ್ಮಿಗೆ ಶುಂಠಿ ಕುದಿಸಿ ಕುಡಿಯಿರಿ, ಕುದಿಸಿಯೇ ಕುಡಿಯಿರಿ.

ನಿಮ್ಮ ಕೈಕಾಲು ಬೆಚ್ಚಗಿರಲಿ.

ಇನ್ನೂ ಸಿಟ್ಟು ಇಳಿಯದ,
ನಿಮ್ಮ ಮಗಳು
ಸುಯೆ